ತುಂಬಿದ ಗಾಡಿ ಬಿಟ್ಟು ಇಳಿಯದವರು

ಹೋದ ವಾರ ನಮ್ಮ ಕಾಲೇಜಿನ ಸಭಾಂಗಣದ ಮಾಡು ಸೋರುತ್ತದೆಂದು ಮೇಲೆ ಹೊದಿಸಲು ಯಾರೋ ಒಂದು ಹಳೆಯ ತಾಡಪತ್ರಿ ತಂದರು. ಲಾರಿಗಳ ಮೇಲೆ ಹೊದಿಸುತ್ತಾರಲ್ಲ, ಅಂಥದ್ದು. ದಪ್ಪ ಕ್ಯಾನ್ವಾಸಿನದು, ಹಸಿರು ಕಂದಿ ಬೂದುಬಣ್ಣಕ್ಕೆ ತಿರುಗಿದ್ದು. ಅಂಗಳದಲ್ಲಿ ಅದನ್ನು ಬಿಚ್ಚಿ ಹರಡಿದ್ದೇ ತಡ, ಮೇಣ, ಡೀಸೆಲ್ಲು, ಒಣ ಅಡಿಕೆಯ ಧೂಳು ಎಲ್ಲ ಕಲಸಿದ ಒಂದು ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಆಗ ಚರ್ಚಾಸ್ಪರ್ಧೆಗೆ ಹೊರಟಿದ್ದ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. "ಎದುರಾಳಿಯ ಮಾತನ್ನು ಪೂರ್ತಿ ಹರಿಯಲು ಹೋಗಬೇಡಿ. ಸಡಿಲವಾದ ಒಂದು ಹೊಲಿಗೆ ಹುಡುಕಿ, ಅಲ್ಲಿ ಬೆರಳು ಹಾಕಿ" ಎಂದು ಹೇಳುತ್ತಿದ್ದವಳು ಅಲ್ಲಿಗೇ ನಿಂತೆ.

"ಆಮೇಲೇನು ಮೇಡಂ?" ಎಂದಳು ಒಬ್ಬಳು.

"ಆಮೇಲೆ ನಾಳೆ" ಅಂದೆ.

ವಾಸನೆ ನೆನಪನ್ನು ತರುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನೆನಪು ಎಲ್ಲಿಗೂ ಹೋಗಿರುವುದಿಲ್ಲ. ನಾವು ಅದರ ಮನೆ ಮುಂದೆ ಹಾಯುವುದು ಬೇಡವೆಂದು ಬೇರೆ ಓಣಿ ಹಿಡಿದು ಓಡಾಡಿಕೊಂಡಿರುತ್ತೇವೆ, ಅಷ್ಟೆ. ಎಂಟು ವರ್ಷ ನಾನು ಮಾಡಿದ್ದು ಅದನ್ನೇ.

ಯಲ್ಲಾಪುರದಲ್ಲಿ ನಮ್ಮ ಬಾಡಿಗೆ ಮನೆ ಹೆದ್ದಾರಿಗೆ ಬೆನ್ನು ಹಾಕಿದ ಸಾಲಿನಲ್ಲಿತ್ತು. ಪಕ್ಕದ್ದು ಡ್ರೈವರ್ ಕಾಕಾನ ಮನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬರೇ ಇದ್ದರು. ಅದಕ್ಕೆ ಅಂಟಿಕೊಂಡದ್ದು ಅವರ ಜೋಡಿ ಡ್ರೈವರಿನ ಮನೆ. ದೂರದ ಲಾರಿಗೆ ಇಬ್ಬರು ಬೇಕು, ಒಬ್ಬರು ಓಡಿಸುವಾಗ ಇನ್ನೊಬ್ಬರು ಮಲಗಬೇಕು. ಆ ಇನ್ನೊಬ್ಬರನ್ನು ನಾನು ಭಾಯಿ ಅನ್ನುತ್ತಿದ್ದೆ. ಕಾಕಾನಿಗಿಂತ ಹದಿನೈದು ವರ್ಷ ಚಿಕ್ಕವರು. ಅವರ ಹೆಂಡತಿ ಆಪಾ, ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದವರು. ಭಾಯಿಯ ತಾಯಿ ದಾದಿ, ಇಡೀ ಸಾಲಿಗೇ ದಾದಿ.

ನಾನು ಪಿಯುಸಿಯಲ್ಲಿದ್ದೆ. ಮಾತಿನಲ್ಲಿ ಗೆಲ್ಲುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಕಾಕಾ ನನ್ನನ್ನು ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ. ಲಾರಿ ತೊಳೆಯುತ್ತ ಕೂಗುತ್ತಿದ್ದರು: "ಏನ್ ವಕೀಲ್ರೇ, ಇವತ್ತು ಯಾರ ಮೇಲೆ ಕೇಸು?"

ಒಮ್ಮೆ ಸಿದ್ದಾಪುರದಲ್ಲಿ ಸ್ಪರ್ಧೆ. ಅಮ್ಮ, ನಮ್ಮ ಮನೆಮಾತಿನಲ್ಲಿ ಆಯಿ, ಜೊತೆಗೆ ಬಂದಿದ್ದಳು. ಗೆದ್ದು ಶೀಲ್ಡು ಹಿಡಿದು ಹೊರಟರೆ ಬಸ್ಸು ಊರಾಚೆ ಕೆಟ್ಟು ನಿಂತಿತು. ಅದೃಷ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಆದರೆ ಅಡಿಕೆ ಮೂಟೆ ತುಂಬಿಕೊಂಡು ಅದೇ ದಾರಿಯಲ್ಲಿ ಬಂದದ್ದು ಕಾಕಾನ ಲಾರಿ.

"ಹತ್ರಿ ಅಕ್ಕಾರ, ಹತ್ರಿ" ಎಂದು ಆಯಿಯನ್ನು ಕರೆದರು. "ವಕೀಲ್ರನ್ನ ರಸ್ತೇಲಿ ಬಿಟ್ಟು ಹೋದ್ರೆ ನಾಳೆ ನನ್ ಮೇಲೇ ಕೇಸು."

ಭಾಯಿ ಶೀಲ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಏನ್ ಮಾತಾಡಿದ್ದಕ್ಕೆ ಕೊಟ್ರು?"

"ವಿರೋಧವಾಗಿ ಮಾತಾಡಿದ್ದಕ್ಕೆ."

"ಯಾವುದಕ್ಕೆ ವಿರೋಧ?"

"ಏನು ಕೊಟ್ರೆ ಅದಕ್ಕೆ."

"ನಮ್ ಮನೇಲೂ ಒಬ್ರು ಅದಾರೆ" ಎಂದರು ಭಾಯಿ. "ಪಾಪ, ಶೀಲ್ಡ್ ಇನ್ನೂ ಯಾರೂ ಕೊಟ್ಟಿಲ್ಲ."

ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶಿರಸಿಯಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಭಾಯಿ ಇಳಿದು ಹೋಗಿ ಎಲ್ಲರಿಗೂ ಕ್ಯಾಬಿನ್ನಿಗೇ ತಂದುಕೊಟ್ಟರು. ನಾನು ಸುಮ್ಮನಿರಲಿಲ್ಲ. "ಇಬ್ರೂ ಹೋಗಿ ಆರಾಮಾಗಿ ಕುಡ್ಕೊಂಡು ಬರಬಹುದಿತ್ತಲ್ಲ ಕಾಕಾ. ನಾವು ಇದೀವಲ್ಲ ಇಲ್ಲಿ."

ಅಲ್ಲಿಯವರೆಗೆ ನಗುತ್ತಿದ್ದ ಕಾಕಾ ನಗುವುದನ್ನು ನಿಲ್ಲಿಸಿದರು.

"ತುಂಬಿದ ಗಾಡಿ ಬಿಟ್ಟು ಇಬ್ರೂ ಇಳಿಯಂಗಿಲ್ಲ. ನಮ್ಮಪ್ಪ ಸತ್ತ ಸುದ್ದಿ ಬಂದಾಗ ನಾ ಇಂದೋರಿನಾಗಿದ್ದೆ. ಇವ ಹಿಂದೆ ಮಲಗಿದ್ದ. ಇವನ್ನ ಎಬ್ಬಿಸಿ, ಸೀಟಿನ ಮ್ಯಾಲೆ ಕೂಡಿಸಿ, ಆಮೇಲೆ ಇಳಿದು ಅತ್ತಿದ್ದು."

"ಅದೇನು ಕಾನೂನಾ?"

"ಕಾನೂನು ಪೊಲೀಸ್ರದು ವಕೀಲ್ರೇ. ಇದು ನಮ್ದು."

ಆ ಅಡಿಕೆಯನ್ನು ಅವರು ಕಾನ್ಪುರದಲ್ಲಿ ಇಳಿಸಿದರು. ಆಮೇಲೆ ಎಲ್ಲಿಗೆ ಲೋಡು ಸಿಕ್ಕಿತೋ ಅಲ್ಲಿಗೆ. ಹಾಗೆ ತಿರುಗುತ್ತ ತಿರುಗುತ್ತ ಈಶಾನ್ಯದ ಬೆಟ್ಟಗಳ ನಡುವಿನ ಒಂದು ನಗರಕ್ಕೆ ಅಕ್ಕಿಯನ್ನೂ ಔಷಧಿ ಪೆಟ್ಟಿಗೆಗಳನ್ನೂ ಹೇರಿಕೊಂಡು ಹೋದರು. ಅಲ್ಲಿ ಎರಡು ಜನಾಂಗಗಳು ತಿಂಗಳುಗಳಿಂದ ಹೊಡೆದಾಡುತ್ತಿದ್ದವು. ಒಂದೇ ಊರನ್ನು ರಸ್ತೆಯ ಆಚೆ ಈಚೆ ಎಂದು ಹಂಚಿಕೊಂಡು, ಆಚೆಯವರು ಈಚೆ ಕಾಲಿಟ್ಟರೆ ತಿರುಗಿ ಹೋಗದ ಸ್ಥಿತಿ. ಲಾರಿಗಳು ಒಂಟಿಯಾಗಿ ಓಡಾಡುವ ಹಾಗಿರಲಿಲ್ಲ. ಐವತ್ತೋ ಅರವತ್ತೋ ಸೇರಿಸಿ, ಮುಂದೆ ಹಿಂದೆ ಮಿಲಿಟರಿ ಜೀಪು ಹಾಕಿ, ಸಾಲಾಗಿ ಬಿಡುತ್ತಿದ್ದರು.

ಆ ನಗರದ ಪೇಟೆಯಲ್ಲಿ ಒಂದು ಮಧ್ಯಾಹ್ನ ನಿಲ್ಲಿಸಿಟ್ಟಿದ್ದ ಕಾರು ಸಿಡಿಯಿತು.

ನಾವು ಅದನ್ನು ಆಪಾನ ಮನೆಯ ಟಿವಿಯಲ್ಲಿ ನೋಡಿದೆವು. ಮೂರು ಅಂಗಡಿಗಳ ಎದುರುಗೋಡೆ ಇರಲಿಲ್ಲ. ಒಂದು ತಕ್ಕಡಿ ಮಾತ್ರ ಹಾಗೇ ತೂಗುತ್ತಿತ್ತು. ಸತ್ತವರ ಸಂಖ್ಯೆ ಪ್ರತಿ ಗಂಟೆಗೂ ಬದಲಾಗುತ್ತಿತ್ತು. ಹೆಸರುಗಳು ಬರಲೇ ಇಲ್ಲ. ನಮ್ಮ ಕಡೆಯವರಿಗೆ ಆ ಊರಿನ ಹೆಸರು ಸರಿಯಾಗಿ ಹೇಳಲೂ ಬರುತ್ತಿರಲಿಲ್ಲ. "ಅಲ್ಲಿಯವ್ರ ಜಗಳ, ನಮಗೆಂತ" ಎಂದು ಯಾರೋ ಬಾಗಿಲಲ್ಲಿ ನಿಂತು ಅಂದದ್ದು ನೆನಪಿದೆ. ಆಪಾ ಫೋನು ಒತ್ತುತ್ತಲೇ ಇದ್ದರು. ಭಾಯಿಯದು ಬಂದ್. ಕಾಕಾನದೂ ಬಂದ್. ಅಲ್ಲಿ ಫೋನು, ಇಂಟರ್ನೆಟ್ಟು ಎಲ್ಲ ಕಡಿದಿದ್ದಾರೆ ಎಂದು ಟಿವಿಯವರೇ ಹೇಳಿದರು. ಅಷ್ಟೇ ಸಮಾಧಾನ.

ಏಳನೆಯ ದಿನ ಕಾಕಾ ಫೋನ್ ಮಾಡಿದರು. "ಬರ್ತಾ ಇದೀನಿ" ಎಂದರು. "ಬರ್ತಾ ಇದೀವಿ" ಅನ್ನಲಿಲ್ಲ. ಆಪಾ ಅದನ್ನು ಕೇಳಿಸಿಕೊಂಡರು...

ಹದಿನೆಂಟನೆಯ ದಿನ ಲಾರಿ ಬಂದು ನಮ್ಮ ಮನೆಗಳ ಸಾಲಿನ ತುದಿಗೆ ನಿಂತಿತು. ಬಲಗಡೆಯ ಬಾಗಿಲು ತೆರೆಯಿತು. ಎಡಗಡೆಯದನ್ನು ನಾವೆಲ್ಲ ನೋಡುತ್ತ ನಿಂತೆವು. ಅದು ತೆರೆಯಲಿಲ್ಲ.

ಕಾಕಾ ಎಲ್ಲರೆದುರು ಹೇಳಿದ್ದು ಮೂರೇ ಮಾತು. ಕಣ್ಣೆದುರೇ ಆಯಿತು. ಈ ಕೈಯಲ್ಲೇ ಕಣ್ಣು ಮುಚ್ಚಿಸಿದೆ. ಉಳಿದವರ ಜೊತೆಗೆ ಅಲ್ಲೇ ಮಣ್ಣು ಮಾಡಿದರು.

ಮುಸಲ್ಮಾನರಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇರಬೇಕು. ಇದ್ದತ್ ಅನ್ನುತ್ತಾರೆ. ಅದು ಮುಗಿದರೆ ಅವಳು ವಿಧವೆ. ಹೊರಗೆ ಬರಬಹುದು, ಮನಸ್ಸಿದ್ದರೆ ಮತ್ತೆ ಮದುವೆ ಆಗಬಹುದು, ಕನಿಷ್ಠ ಅಳಬಹುದು. ಆದರೆ ಸತ್ತದ್ದು ಖಾತ್ರಿಯಾಗಬೇಕು. ಹೆಣ ಇಲ್ಲ, ಕಾಗದ ಇಲ್ಲ. ಇದ್ದದ್ದು ಕಾಕಾನ ಕಣ್ಣು ಮಾತ್ರ. ಮಗ ಸತ್ತಿಲ್ಲ ಎಂದು ದಾದಿ ಹಟ ಹಿಡಿದಿದ್ದರು. ದಿನಾ ಮೂವರಿಗೆ ರೊಟ್ಟಿ ಬಡಿಯುತ್ತಿದ್ದರು. ಮಸೀದಿಯ ಹಿರಿಯರು ಒಂದು ನಿರ್ಧಾರಕ್ಕೆ ಬಂದರು. ಮನೆಯಲ್ಲೇ ಕೂತು ಕಾಕಾನ ಹೇಳಿಕೆಯನ್ನು ಬರೆಸಿಕೊಳ್ಳುವುದು. ಒಂದು ಪ್ರತಿ ಪೊಲೀಸರಿಗೆ, ಒಂದು ತಾಲೂಕು ಕಚೇರಿಗೆ. ಅದರ ಮೇಲೆ ಆಪಾ ಇದ್ದತ್‌ಗೆ ಕೂರುವುದು.

ಕನ್ನಡದಲ್ಲಿ ಸರಿಯಾಗಿ ಬರೆಯುವವರು ಯಾರು ಎಂಬ ಮಾತು ಬಂತು. ಕಾಕಾನೇ ಹೇಳಿದರು: "ನಮ್ ವಕೀಲ್ರೇ ಬರೀಲಿ."

ಬೆಳಗಿನ ಹತ್ತು ಗಂಟೆ. ಆಪಾನ ಹೊರಕೋಣೆ. ಕುರ್ಚಿಯ ಮೇಲೆ ಹಿರಿಯರು, ಚಾಪೆಯ ಮೇಲೆ ಕಾಕಾ, ಮೂಲೆಯಲ್ಲಿ ಗೋಡೆಗೆ ಒರಗಿ ದಾದಿ. ಆಪಾ ಒಳಬಾಗಿಲಿನ ಪರದೆಯ ಹಿಂದೆ. ಪರದೆ ಕೆಳಗಿನಿಂದ ಅವರ ಪಾದಗಳು ಕಾಣುತ್ತಿದ್ದವು. ನಾನು ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಕಾಗದ ಇಟ್ಟುಕೊಂಡು ಕೂತಿದ್ದೆ. ಬರೆಯುವುದಷ್ಟೇ ನನ್ನ ಕೆಲಸ. ಅದನ್ನು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬರೆಯುವುದಷ್ಟೇ.

ಕಾಕಾ ನೆಲ ನೋಡುತ್ತ ಹೇಳಿದರು. "ಲಾರಿಗಳನ್ನ ಊರ ಹೊರಗೆ ಮೈದಾನದಾಗೆ ನಿಲ್ಸಿದ್ರು. ಸಂಜೀ ತನಕ ಬಿಡೂದಿಲ್ಲ ಅಂದ್ರು. ಪೇಟೆಗೆ ಹೋಗಿ ಚಾ ಕುಡ್ದು ಬರೂಣು ಅಂತ ನಾವಿಬ್ರೂ ಇಳಿದ್ವಿ..."

ನನ್ನ ಪೆನ್ನು ನಿಂತಿತು.

"ಗಾಡಿ ಖಾಲಿ ಆಗಿತ್ತಾ ಕಾಕಾ?"

"ಇಲ್ಲ. ತುಂಬಿತ್ತು. ಇಳಿಸೂದು ಇನ್ನೂ ಮುಂದಿನ ಊರಿಗೆ."

"ಮತ್ತೆ ಗಾಡಿ ಹತ್ರ ಯಾರಿದ್ರು?"

ಅವರು ತಲೆ ಎತ್ತಿದರು. ಎತ್ತಿದ್ದು ಹಿರಿಯರ ಕಡೆಗಲ್ಲ, ನನ್ನ ಕಡೆಗೆ. "ಮಿಲ್ಟ್ರಿಯವ್ರು ಇದ್ರು" ಎಂದರು.

ಚರ್ಚೆ ಮಾಡಿದವರಿಗೆ ಈ ಕ್ಷಣ ಗೊತ್ತಿರುತ್ತದೆ. ಎದುರಿನವರ ಕಾಲಡಿಯ ಹಲಗೆ ಅಲುಗಿದ ಸಣ್ಣ ಸದ್ದು. ಅದು ಕೇಳಿಸಿದ ಮೇಲೆ ಎದುರಿಗಿರುವುದು ಯಾರು ಎಂಬುದು ಮರೆತುಹೋಗುತ್ತದೆ.

"ಅಪ್ಪ ಸತ್ತಾಗಲೂ ಭಾಯಿಯನ್ನ ಎಬ್ಬಿಸಿ ಕೂರಿಸಿ ಇಳಿದವರು ನೀವು. ಹೊಡೆದಾಟದ ಊರಲ್ಲಿ ಚಾ ಕುಡಿಯೋಕೆ ಗಾಡಿ ಬಿಟ್ಟು ಇಬ್ರೂ ಇಳಿದ್ರಾ?"

"ಬರ್ಕೋ ಬೇಟಿ, ಹೇಳಿದ್ದು ಬರ್ಕೋ" ಎಂದರು ಹಿರಿಯರು. ಗದರಿದ್ದಲ್ಲ. ಆದರೆ ಅವರೂ ಕುರ್ಚಿಯಲ್ಲಿ ಮುಂದಕ್ಕೆ ಸರಿದಿದ್ದರು.

"ಬರೀತೀನಿ. ಪೊಲೀಸರೂ ಇದನ್ನೇ ಕೇಳ್ತಾರೆ, ಅದಕ್ಕೆ ಕೇಳ್ದೆ" ಎಂದೆ. ಇದು ಸುಳ್ಳು. ಪೊಲೀಸರು ಏನು ಕೇಳುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. "ಭಾಯಿ ಯಾವ ಅಂಗಿ ಹಾಕಿದ್ರು ಅವತ್ತು?"

"ನೀಲೀದು. ಚೌಕಳಿ."

ಮೂಲೆಯಿಂದ ದಾದಿಯ ದನಿ ಬಂತು. "ನೀಲಿ ಚೌಕಳೀದು ಇಲ್ಲೇ ಅದೆಯಲ್ಲ! ಹೋಗೋ ದಿನ ಒದ್ದೆ ಇತ್ತು ಅಂತ ಬಿಟ್ಟು ಹೋಗಿದ್ದ. ಗೂಟಕ್ಕೆ ನಾನೇ ಹಾಕಿದೀನಿ."

ಹೊರಗೆ ಹೆದ್ದಾರಿಯಲ್ಲಿ ಯಾವುದೋ ಲಾರಿ ಗೇರು ಬದಲಿಸಿ ಏರು ಹತ್ತುವುದು ಕೇಳಿಸುತ್ತಿತ್ತು. ಕಾಕಾ ಆ ಸದ್ದಿಗೆ ಕಿವಿ ಕೊಟ್ಟವರ ಹಾಗೆ ಕೂತಿದ್ದರು. ಹಿರಿಯರು ಬಹಳ ಮೆಲ್ಲಗೆ ಕೇಳಿದರು: "ಖುದಾನ ಮೇಲೆ ಆಣೆ ಇಟ್ಟು ಹೇಳ್ತೀಯೇನು, ನೋಡಿದೆ ಅಂತ?"

ಪರದೆಯ ಕೆಳಗಿನ ಪಾದಗಳು ಒಂದರ ಮೇಲೊಂದು ಏರಿ ನಿಂತವು.

"ಇಲ್ಲ" ಎಂದರು ಕಾಕಾ. "ನಾ ನೋಡಿಲ್ಲ."

ಆಮೇಲೆ ನಿಜ ಹೊರಬಂತು. ಮೈದಾನದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಪೇಟೆಯಲ್ಲಿ ದುಡ್ಡು ತಗೊಂಡು ಫೋನ್ ಮಾಡಿಸುವ ಅಂಗಡಿಯಿದೆ, ಮನೆಗೆ ಮಾತಾಡಿ ಬರುತ್ತೇನೆ ಎಂದು ಭಾಯಿ ಒಬ್ಬರೇ ಹೋದರು. ಕಾಕಾ ಸೀಟಿನ ಮೇಲೆ ಇದ್ದರು. ಅರ್ಧ ಗಂಟೆಗೆ ಸದ್ದು. ಪೇಟೆಯ ಮೇಲೆ ಹೊಗೆ. ಮೂರು ಗಂಟೆ ಕಾದರು. ಹೋಗಿ ಹುಡುಕಬೇಕೆಂದರೆ ತುಂಬಿದ ಗಾಡಿ ಬಿಟ್ಟು ಇಳಿಯಬೇಕು. ಎರಡು ಸಲ ಕಾಲು ಕೆಳಗಿಟ್ಟರಂತೆ, ಎರಡು ಸಲವೂ ಮತ್ತೆ ಹತ್ತಿದರಂತೆ. ಊರಿಗೆ ಊರೇ ಹೊತ್ತಿಕೊಳ್ಳಬಹುದು ಎಂದು ಮಿಲಿಟರಿಯವರು ಸಂಜೆಗೆ ಬದಲು ಆಗಲೇ ಸೀಟಿ ಹೊಡೆದು ಸಾಲು ಹೊರಡಿಸಿದರು.

"ಹಿಂದಿನ ಗಾಡಿಯವ ಹಾರ್ನ್ ಹೊಡೀತಾನೇ ಇದ್ದ" ಎಂದರು ಕಾಕಾ. "ಹೊರಟೆ... ನಾನೂ ಹೊರಟೆ."

ಇಷ್ಟು ಹೇಳಿ ಅವರು ಮುಗಿಸುವಷ್ಟರಲ್ಲಿ ದಾದಿ ಮೂಲೆಯಿಂದ ಎದ್ದು ಬಂದಿದ್ದರು. ಆ ವಯಸ್ಸಿನಲ್ಲಿ ಅಷ್ಟು ಬೇಗ ಹೇಗೆ ಎದ್ದರೋ. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ಹಂಗಾದ್ರೆ ನನ್ ಮಗ ಸತ್ತಿಲ್ಲ! ನಾ ಹೇಳ್ತಿದ್ನೋ ಇಲ್ಲೋ? ನೀ ನೂರ್ ವರ್ಷ ಬದುಕು ಮಗಳೇ, ನೂರ್ ವರ್ಷ."

ಒಂದು ಕ್ಷಣ, ಒಂದೇ ಕ್ಷಣ, ನನಗೆ ಹೆಮ್ಮೆಯಾಯಿತು. ಬರೆದು ಬಿಡುವುದೇ ಒಳ್ಳೆಯದು. ಆಮೇಲೆ ಪರದೆಯ ಕೆಳಗೆ ನೋಡಿದೆ. ಪಾದಗಳು ಅಲ್ಲಿರಲಿಲ್ಲ.

ಹಿರಿಯರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಸಾಕ್ಷಿ ಇಲ್ಲ ಅಂದ್ಮೇಲೆ ಕಾಯಬೇಕು" ಎಂದರು. "ಸುದ್ದಿ ಬರದೇ ಹೋದ್ರೆ ನಾಲ್ಕು ವರ್ಷ."

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಆಯಿ ಅಕ್ಕಿ ಆರಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. "ಎಂತಾ ಗೆದ್ದೆ ಕೂಸೇ ನೀನು? ಯಂಗೆ ತಿಳೀತಿಲ್ಲೆ. ಎಂತ ಸಿಕ್ತು ಹೇಳು."

"ಸತ್ಯ ಹೇಳಿಸಿದೆ" ಎಂದೆ.

"ಆತು. ಅದ್ನ ಮೇಲಿಟ್ಕ, ಶೀಲ್ಡಿನ ಜೊತಿಗೆ."

ನಾನು ವಾದಿಸಿದೆ. ಸುಳ್ಳು ಸಾಕ್ಷಿಯ ಮೇಲೆ ಒಬ್ಬ ಹೆಂಗಸು ವಿಧವೆಯಾಗಿ, ನಾಳೆ ಮತ್ತೆ ಮದುವೆಯಾಗಿ, ನಾಡಿದ್ದು ಗಂಡ ಬಂದು ನಿಂತರೆ? ಆಯಿ ಮತ್ತೆ ಅಕ್ಕಿ ಆರಿಸತೊಡಗಿದಳು. ನನ್ನ ವಾದ ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದೇ ಕಷ್ಟ.

ಎರಡು ದಿನ ಬಿಟ್ಟು ರವಿಕೆ ತರುವ ನೆಪದಲ್ಲಿ ಆಪಾನ ಮನೆಗೆ ಹೋದೆ. ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಸೂಜಿಯ ಮೇಲೆ ಕಣ್ಣಿಟ್ಟೇ ಹೇಳಿದರು:

"ಆ ನೀಲಿ ಅಂಗಿ ಒಗ್ದಿದ್ದೇ ನಾನು. ಕಾಕಾ ಬಂದ ದಿನಾನೇ ನನ್ನ ಹತ್ರ ನೀಲಿ ಅಂಗಿ ಅಂದಿದ್ರು. ಅವತ್ತೇ ಗೊತ್ತಾಯ್ತು ಸುಳ್ಳು ಅಂತ."

"ಮತ್ತೆ ಯಾಕೆ ಆಪಾ..."

"ಕೇಳ್ಲಿಲ್ಲ. ಅವ್ರು ನಂಗೋಸ್ಕರ ಕಟ್ಟಿದ್ರು ಅದನ್ನ. ನಾ ಅದ್ರಾಗೆ ಕೂತ್ಕೊಳ್ಳೋಣ ಅಂತಿದ್ದೆ." ದಾರ ಕಡಿದು ರವಿಕೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು. "ತೋಳು ಬಿಗಿ ಆದ್ರೆ ಹೇಳು."

ಊರು ಸುಮ್ಮನೆ ಕೂರಲಿಲ್ಲ. ಸತ್ತವನ ಬಗ್ಗೆ ಜನ ಎರಡು ವಾರ ಮಾತಾಡುತ್ತಾರೆ, ಕಾಣೆಯಾದವನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಅವನು ಅಲ್ಲೇ ಯಾರನ್ನೋ ಕಟ್ಟಿಕೊಂಡಿದ್ದಾನೆ ಅಂತೆ. ಇಬ್ಬರಿಗೂ ದಾರಿಯಲ್ಲೇ ಜಗಳವಾಗಿತ್ತು ಅಂತೆ. ಇನ್ನೂ ಮುಂದೆ ಹೋದವರು, ಬಾಂಬು ಸಿಡಿದ ಊರಲ್ಲಿ ಇವರಿಗೇನು ಕೆಲಸ ಎಂದರು. ಅಕ್ಕಿ ಇಳಿಸುವ ಕೆಲಸ ಎಂದು ನಾನು ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಾಲೇಜಿನಲ್ಲಿ ಜಗಳ ಆಡಿದೆ. ಪ್ರತಿ ಜಗಳದಲ್ಲೂ ಗೆದ್ದೆ. ಯಾರೂ ಅಭಿಪ್ರಾಯ ಬದಲಿಸಲಿಲ್ಲ. ಆಪಾನ ಹತ್ತಿರ ರವಿಕೆ ಕೊಡುವವರು ಕಡಿಮೆಯಾದರು. ಒಬ್ಬಾಕೆಯಂತೂ ಅರ್ಧ ಹೊಲಿದ ಬಟ್ಟೆಯನ್ನು ವಾಪಸು ಕೇಳಿಕೊಂಡು ಹೋದಳು.

ಕಾಕಾ ಆಮೇಲೆ ನನ್ನನ್ನು ಕಂಡರೆ ತಲೆಯಾಡಿಸಿ ಹೋಗುತ್ತಿದ್ದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎದುರು ನಿಂತು ವಾದಿಸಬಹುದಿತ್ತು... ಯಾರ ಮೇಲೆ ಕೇಸು ಎಂದು ಕೇಳುವುದನ್ನು ಮಾತ್ರ ಬಿಟ್ಟಿದ್ದರು.

ಐದು ತಿಂಗಳ ನಂತರ ಆ ರಸ್ತೆ ಮತ್ತೆ ತೆರೆಯಿತು. ಆ ಕಡೆಗೆ ಹೋಗುವ ಲೋಡನ್ನು ಕಾಕಾ ತಾವಾಗಿ ಕೇಳಿ ಪಡೆದರು. ಹೊಸ ಜೋಡಿಯವನನ್ನು ಒಪ್ಪಿಸಲು ಹುಬ್ಬಳ್ಳಿಯವರೆಗೆ ಹೋಗಿ ಬಂದರು. ಹೊರಡುವ ದಿನ ಆಪಾ ಗಂಡನ ಒಂದು ಫೋಟೋ ಕೊಟ್ಟರು, ಮದುವೆಯದು. ದಾದಿ ರೊಟ್ಟಿಯ ಗಂಟು ಕೊಟ್ಟರು, ಮಗನಿಗೆ.

ನಲವತ್ತು ದಿನ. ಈ ಸಲ ನನ್ನನ್ನು ಯಾರೂ ಕರೆದಿರಲಿಲ್ಲ. ಲಾರಿ ಬಂದ ಸದ್ದು ಕೇಳಿ ನಾನೇ ಹೋದೆ. ಅದೇ ಕೋಣೆ, ಅದೇ ಚಾಪೆ. ಹಿರಿಯರು ಬಂದಿದ್ದರು. ಆಪಾ ಪರದೆಯ ಹಿಂದೆ ನಿಲ್ಲದೆ ಎದುರಿಗೇ ಬಂದು ಕೂತಿದ್ದರು. ದಾದಿಗೆ ಜ್ವರ, ಒಳಗೆ ಮಲಗಿದ್ದರು.

ಗಾಡಿಯನ್ನು ಹೊಸ ಜೋಡಿಗೆ ಒಪ್ಪಿಸಿ ಆ ಊರಲ್ಲಿ ಹನ್ನೊಂದು ದಿನ ತಿರುಗಿದೆ ಎಂದರು ಕಾಕಾ. ಠಾಣೆಗೆ ಹೋದೆ, ಆಸ್ಪತ್ರೆಗೆ ಹೋದೆ. ರಸ್ತೆಯ ಆಚೆಯವರು ಈಚೆಯವರಾ ಎಂದು ಹಿಡಿದರು, ಈಚೆಯವರು ಆಚೆಯವರಾ ಎಂದು ಹಿಡಿದರು. ಆಧಾರ್ ಕಾರ್ಡಿನಲ್ಲಿ ಯಲ್ಲಾಪುರ ಎಂದು ನೋಡಿ, ಇದು ಯಾವ ಕಡೆ ಎಂದು ಕೇಳಿ ಬಿಟ್ಟರು. ಗುರುತು ಸಿಗದವರ ಫೋಟೋಗಳನ್ನು ಆಸ್ಪತ್ರೆಯ ಒಂದು ಗೋಡೆಗೆ ಅಂಟಿಸಿದ್ದರು.

"ಒಂದರ ಮುಂದೆ ಬಾಳ ಹೊತ್ತು ನಿಂತೆ" ಎಂದರು. "ಮುಖ ಇರ್ಲಿಲ್ಲ."

ಹಿರಿಯರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. "ಅವಸರ ಇಲ್ಲ. ನೆನಪು ಮಾಡ್ಕೊಂಡು ಹೇಳು. ನೀ ಏನು ಹೇಳಿದ್ರೂ ಇವತ್ತು ನಾ ಆಣೆ ಕೇಳೂದಿಲ್ಲ."

ನಮಗೆಲ್ಲ ಒಂದು 'ಹೌದು' ಬೇಕಾಗಿತ್ತು. ಅದು ಎಲ್ಲಿಂದ ಬಂತೆಂದು ಯಾರೂ ಕೇಳುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಸಾಕ್ಷಿಯ ಬಾಯಿಗೆ ಉತ್ತರ ಇಡುವಂಥ ಪ್ರಶ್ನೆ ಕೇಳಬಾರದು ಎಂಬುದು ನಾನು ಕಲಿತ ಮೊದಲ ಪಾಠ. ಅದನ್ನೇ ಕೇಳಿದೆ.

"ಎತ್ತರ ಭಾಯಿಯಷ್ಟೇ ಇತ್ತಲ್ಲ ಕಾಕಾ? ಅವರೇ ಇರಬಹುದಲ್ಲ?"

ಕಾಕಾ ನನ್ನ ಕಡೆ ತಿರುಗಿದರು. ಆರು ತಿಂಗಳಲ್ಲಿ ಮೊದಲ ಸಲ ನೇರವಾಗಿ ನೋಡಿದರು.

"ಇರಬಹುದು ಅನ್ನೂದು ಬ್ಯಾರೆ, ನೋಡಿದೆ ಅನ್ನೂದು ಬ್ಯಾರೆ ವಕೀಲ್ರೇ. ನೀವೇ ತೋರ್ಸಿದ್ದು" ಎಂದರು. ಆಪಾನ ಕಡೆ ತಿರುಗಿದರು. "ಸಿಗ್ಲಿಲ್ಲ ತಂಗೀ. ನಾ ನೋಡಿಲ್ಲ."

ಆಪಾ ತಲೆಯಾಡಿಸಿದರು. ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು.

ನಾಲ್ಕು ವರ್ಷ ನಾಲ್ಕು ವರ್ಷದಷ್ಟೇ ಉದ್ದ ಇರುತ್ತದೆ. ಮೂರನೆಯ ವರ್ಷ ದಾದಿ ಹೋದರು, ಮಗ ಬರುತ್ತಾನೆ ಎಂದು ಹೇಳುತ್ತಲೇ. ನಾಲ್ಕು ತುಂಬಿದ ಮೇಲೆ ಹಿರಿಯರು ಬಂದು ಹೇಳಿದರು. ಆಪಾ ಇದ್ದತ್‌ಗೆ ಕೂತರು. ಆ ನಾಲ್ಕು ತಿಂಗಳು ಹತ್ತು ದಿನ ಕಾಕಾ ಲಾರಿ ಹತ್ತಲಿಲ್ಲ. ದಿನಾ ಬೆಳಿಗ್ಗೆ ತರಕಾರಿಯನ್ನು ಬಾಗಿಲ ಹೊರಗಿಟ್ಟು, ಒಂದು ಸಲ ಕೆಮ್ಮಿ, ಹಿಂತಿರುಗಿ ನೋಡದೆ ಹೋಗುತ್ತಿದ್ದರಂತೆ. ಇದನ್ನೆಲ್ಲ ನಾನು ಕಂಡಿಲ್ಲ. ಆಯಿ ಫೋನಿನಲ್ಲಿ ಹೇಳಿದ್ದು. ನಾನು ಧಾರವಾಡದಲ್ಲಿ ಓದುತ್ತಿದ್ದೆ. ಆಮೇಲೆ ಶಿರಸಿಗೆ ಕೆಲಸಕ್ಕೆ ಬಂದೆ. ಆಯಿಯೂ ನನ್ನ ಜೊತೆ ಶಿರಸಿಗೇ ಬಂದಳು. ಯಲ್ಲಾಪುರ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಹೋಗಲಿಲ್ಲ.

ಕಳೆದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮಲಗಿದವರು ಏಳಲಿಲ್ಲ ಎಂದು ಸುದ್ದಿ ಬಂತು. ಪರೀಕ್ಷೆಯ ಕೆಲಸವಿದೆ ಎಂದು ನನಗೆ ನಾನೇ ಕಾರಣ ಕೊಟ್ಟೆ. ಇಷ್ಟು ಸಡಿಲವಾದ ಕಾರಣವನ್ನು ಬೇರೆ ಯಾರಾದರೂ ಕೊಟ್ಟಿದ್ದರೆ ನಾನು ಬಿಡುತ್ತಿರಲಿಲ್ಲ.

ಈ ಭಾನುವಾರ ಬಸ್ಸು ಹತ್ತಿದೆ. ಆಪಾ ಈಗ ಹೆದ್ದಾರಿಯ ಪಕ್ಕದಲ್ಲೇ ಟೇಲರಿಂಗ್ ಅಂಗಡಿ ಇಟ್ಟಿದ್ದಾರೆ. ಎರಡು ಮಿಷನ್ನು. ಮತ್ತೆ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಚಾ ತರಿಸಿದರು. ಆಯಿಯ ಮೊಣಕಾಲು, ನನ್ನ ಮದುವೆ, ಬಟ್ಟೆಯ ರೇಟು ಎಲ್ಲ ಮಾತಾಡಿ ಮುಗಿದ ಮೇಲೆ, ನಾನು ಕಾಕಾನ ಹೆಸರೆತ್ತುವ ಮೊದಲೇ ಅವರೇ ಎತ್ತಿದರು.

"ಒಂದು ಮಾತು ನಂಗೆ ಮಾತ್ರ ಹೇಳಿದ್ರು. ಅತ್ತೆ ಹೋದ ಮೇಲೆ." ಕತ್ತರಿಯನ್ನು ಕೆಳಗಿಟ್ಟರು. "ಅವತ್ತು ಗಾಡಿ ಪಕ್ಕ ಸ್ಟೋವ್ ಹಚ್ಚಿ ಅನ್ನ ಮಾಡಿದ್ರಂತೆ. ಇಬ್ರಿಗೂ. ಇವ್ರು ಬಂದ್ ಮೇಲೆ ಉಣ್ಣೋಣ ಅಂತ ತಾವೂ ಉಣ್ಲಿಲ್ಲ. ಸೀಟಿ ಹೊಡೆದ್ರಲ್ಲ, ಆವಾಗ ಪಾತ್ರೆ ಗಾಡೀಲಿ ಇಡ್ಲಿಲ್ಲ. ಮರದ ಬುಡಕ್ಕೆ ಇಟ್ಟು, ಮುಚ್ಚಳದ ಮೇಲೆ ಕಲ್ಲು ಹೇರಿ ಬಂದ್ರಂತೆ. ಹಸಿದು ಬರ್ತಾನೆ ಅಂತ."

ನಾನು ಚಾದ ಲೋಟ ಕೆಳಗಿಟ್ಟೆ.

"ಎರಡನೇ ಸಲ ಹೋದಾಗ ಮೊದ್ಲು ಹೋಗಿದ್ದು ಆಸ್ಪತ್ರೆಗೆ ಅಲ್ಲ. ಆ ಮರದ ಹತ್ರ."

"ಪಾತ್ರೆ ಇತ್ತಾ?"

ಆಪಾ ನಕ್ಕರು. "ಎಂಟು ವರ್ಷ ಆದ್ರೂ ನಿನ್ ಬಾಯಿ ಹಂಗೇ ಅದೆ ನೋಡು." ಆಮೇಲೆ ಹೇಳಿದರು: "ಕಲ್ಲು ಇತ್ತಂತೆ, ಪಕ್ಕಕ್ಕೆ ತೆಗೆದಿಟ್ಟಂಗೆ. ಪಾತ್ರೆ ಇರ್ಲಿಲ್ಲ. ಅದಕ್ಕೇ ಅವತ್ತು ಸತ್ತ ಅನ್ನೋಕೆ ಅವ್ರಿಗೆ ಬಾಯಿ ಬರ್ಲಿಲ್ಲ. ಉಂಡು ಹೋಗಿರ್ತಾನೆ, ಉಂಡು ಹೋಗಿರ್ತಾನೆ ಅಂತಿದ್ರು. ಕೊನೇ ತನಕ."

ಐದು ತಿಂಗಳು. ಹಸಿದ ಊರು. ಮರದ ಬುಡದಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ, ಅದರ ತುಂಬ ಅನ್ನ. ಯಾರು ಬಿಡುತ್ತಾರೆ? ಮೊದಲ ಗಂಟೆಯಲ್ಲೇ ಹೋಗಿರುತ್ತದೆ. ಆಕ್ಷೇಪಗಳು ಒಂದರ ಹಿಂದೊಂದು ಬಂದು ನಿಂತವು. ಎಲ್ಲವೂ ಸರಿಯಾದವೇ. ಆಪಾ ನನ್ನ ಬಾಯನ್ನೇ ನೋಡುತ್ತಿದ್ದರು.

"ಅನ್ನಕ್ಕೆ ಏನು ಮಾಡಿದ್ರಂತೆ ಆಪಾ?" ಎಂದೆ.

"ಬೇಳೆ" ಎಂದರು. "ಇನ್ನೇನು. ಅದೂ ಉಪ್ಪು ಜಾಸ್ತಿ ಮಾಡಿರ್ತಾರೆ. ಇವ್ರು ಯಾವಾಗ್ಲೂ ಬೈತಿದ್ರು."

ನಾವಿಬ್ಬರೂ ನಕ್ಕೆವು. ಹೊರಗೆ ಅಂಕೋಲೆಯ ಕಡೆಗೆ ಲಾರಿಗಳು ಹೋಗುತ್ತಲೇ ಇದ್ದವು. ಎಷ್ಟು ಸುಲಭದ ಪ್ರಶ್ನೆ. ಇಂಥದೊಂದನ್ನು ಕಾಕಾನನ್ನೇ ಕೇಳಲು ನನಗೆ ಏಳು ವರ್ಷ ಸಮಯವಿತ್ತು.